ಹೊಸೂರಿನ ಗ್ಯಾರೇಜಿನಲ್ಲಿ ರೇಸ್ ಕಾರಿನ ಇಎಸ್‌ಸಿ ತಿದ್ದುಪಡಿ: ಒಂದು ಹಂಗಾಮಿನ ನಂತರದ ವಿಮರ್ಶೆ

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಹಿಂಬದಿಯಲ್ಲಿರುವ ಒಂದು ಗ್ಯಾರೇಜಿನಲ್ಲಿ ನನ್ನ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಕಾರಿನ ಇಎಸ್‌ಸಿಯನ್ನು, ಅಂದರೆ ಕಾರು ತಿರುವಿನಲ್ಲಿ ಹತೋಟಿ ತಪ್ಪದಂತೆ ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು, ರೇಸ್ ಟ್ರ್ಯಾಕಿಗೆ ಹೊಂದುವಂತೆ ತಿದ್ದಿಸಿಕೊಂಡು ಈಗ ಒಂದು ಹಂಗಾಮು ಕಳೆದಿದೆ. ಕೆಲಸಕ್ಕೆ ಎರಡೂವರೆ ದಿನ ಹಿಡಿಯಿತು, ಎಲ್ಲ ಸೇರಿ 46,000 ರೂಪಾಯಿ ಖರ್ಚಾಯಿತು. ಆ ಬಳಿಕ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಮೂರು ಬಾರಿ, ಶ್ರೀಪೆರುಂಬುದೂರು ಬಳಿಯ ಇರುಂಗಾಟ್ಟುಕೋಟೆಯ ಟ್ರ್ಯಾಕಿನಲ್ಲಿ ಒಂದು ಬಾರಿ ಕಾರು ಓಡಿಸಿದ್ದೇನೆ. ತಿಂಗಳಿಗೆ ಒಂದೋ ಎರಡೋ ಇಂಥ ಕಾರುಗಳನ್ನು ಮಾತ್ರ ತೆಗೆದುಕೊಳ್ಳುವ ಗ್ಯಾರೇಜಿನ ಮಾಲೀಕರು ತಮ್ಮ ಹೆಸರು ಬರೆಯಬಾರದೆಂದು ಕೇಳಿಕೊಂಡಿದ್ದಾರೆ. ಆದ್ದರಿಂದ ಹೆಸರಿಲ್ಲದೆಯೇ ಈ ವಿಮರ್ಶೆ ಬರೆಯುತ್ತಿದ್ದೇನೆ. ಈ ಬಗೆಯ ಕೆಲಸವನ್ನು ಬೇರೆಲ್ಲಿ ಮಾಡಿಸುವವರಿಗೂ ಏನನ್ನು ಕೇಳಬೇಕು, ಯಾವುದಕ್ಕೆ ಒಪ್ಪಬಾರದು ಎಂಬುದು ಇದರಿಂದ ತಿಳಿದರೆ ಸಾಕು.

ನನ್ನದು ಶೋರೂಮಿನಿಂದ ಬಂದ ಕಾರನ್ನೇ ರೇಸಿಗೆ ಇಳಿಸಿದ ಗಾಡಿ. ಎಂಜಿನ್ ಅದೇ 1.2 ಲೀಟರಿನ, 105 ಅಶ್ವಶಕ್ತಿಯ ಟರ್ಬೊ ಪೆಟ್ರೋಲ್. ಗೇರ್‌ಬಾಕ್ಸ್ ಅದೇ ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್. ಹಿಂದಿನ ಸೀಟು ತೆಗೆದು, ಕಾರು ಮಗುಚಿದರೆ ಒಳಗಿನವರನ್ನು ಕಾಯುವ ಕೊಳವೆಗಳ ಚೌಕಟ್ಟು, ಅಂದರೆ ರೋಲ್ ಕೇಜ್, ಹಾಕಿಸಿದ್ದೇನೆ. ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರ್ ಸಸ್ಪೆನ್ಷನ್, ಹಿಂಬದಿಯ ಆಕ್ಸಲ್ ಬೀಮಿಗೆ ಗಟ್ಟಿಯಾದ ಒಂದು ಬಾರ್, ಬಿಸಿಗೆ ಬಾಡದ ರೇಸಿಂಗ್ ಬ್ರೇಕ್ ಪ್ಯಾಡು ಮತ್ತು ಕಂಪನಿಯ 185/60 ಆರ್15 ಟೈರಿನ ಬದಲು 195/50 ಆರ್15 ಸೆಮಿ ಸ್ಲಿಕ್ ಟೈರು, ಅಂದರೆ ಒಣ ಟ್ರ್ಯಾಕಿಗೆಂದು ಮಾಡಿದ ಗೀರು ಕಡಿಮೆಯಿರುವ ಟೈರು, ಇವೆ. ಕಾರು ರಸ್ತೆಯ ಮೇಲೆ ಓಡುವುದಿಲ್ಲ. ಡೆಂಕಣಿಕೋಟೆಯ ನಮ್ಮ ಮನೆಯಿಂದ ಟ್ರ್ಯಾಕಿಗೆ ಟ್ರೇಲರ್ ಮೇಲೆ ಹೋಗಿ ಟ್ರೇಲರ್ ಮೇಲೆಯೇ ವಾಪಸು ಬರುತ್ತದೆ. ಈ ಮಾತು ಮುಂದೆ ಒಂದು ಕಡೆ ಮುಖ್ಯವಾಗುತ್ತದೆ.

ಇಷ್ಟೆಲ್ಲ ಬದಲಾದ ಮೇಲೂ ಇಎಸ್‌ಸಿ ಮಾತ್ರ ಕಾರ್ಖಾನೆಯಿಂದ ಬಂದ ಹಾಗೆಯೇ ಇತ್ತು, ತೊಂದರೆ ಶುರುವಾದದ್ದೂ ಅಲ್ಲಿಂದಲೇ. ವೇಗದ ತಿರುವುಗಳಲ್ಲಿ ನಾನು ಸರಿಯಾದ ಗೆರೆಯಲ್ಲಿ ಇರುವಾಗಲೇ ಹೊರಬದಿಯ ಮುಂದಿನ ಚಕ್ರಕ್ಕೆ ತಾನಾಗಿ ಬ್ರೇಕ್ ಬಿದ್ದು, ಎಂಜಿನ್ ಶಕ್ತಿ ಕಡಿಮೆಯಾಗಿ, ಡ್ಯಾಶ್‌ಬೋರ್ಡಿನ ಹಳದಿ ದೀಪ ಮಿನುಗುತ್ತಿತ್ತು. ಎರಡು ವರ್ಷದ ಹಿಂದೆ ಇದನ್ನು ಬೆಂಗಳೂರಿನ ಒಂದು ಟ್ಯೂನಿಂಗ್ ಅಂಗಡಿಗೆ ತೋರಿಸಿದಾಗ ಅವರು ಹತ್ತು ನಿಮಿಷದಲ್ಲಿ ಇಎಸ್‌ಸಿಯನ್ನು ನಡೆಸುವ ಪೆಟ್ಟಿಗೆಯಾದ ಬ್ರೇಕ್ ಮಾಡ್ಯೂಲಿನ ಫ್ಯೂಸ್ ಕಿತ್ತು ಕೈಗೆ ಕೊಟ್ಟು, ಇನ್ನು ನಿಮ್ಮ ಕಾರು ಸ್ವತಂತ್ರ ಎಂದರು. ಆ ಫ್ಯೂಸಿನ ಜೊತೆಗೆ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಉರುಳುವುದು ನಿಂತು ಲಾಕ್ ಆಗದಂತೆ ಕಾಯುವ ಎಬಿಎಸ್ ಹೋಗುತ್ತದೆ, ಹಿಂದಿನ ಚಕ್ರಗಳಿಗೆ ಎಷ್ಟು ಬ್ರೇಕ್ ಒತ್ತಡ ಹೋಗಬೇಕೆಂದು ಅಳೆದು ಕೊಡುವ ಇಬಿಡಿಯೂ ಹೋಗುತ್ತದೆ ಎಂಬುದನ್ನು ಹೇಳಲಿಲ್ಲ. ಹಳೆಯ ಕಾಲದ ಕಾರುಗಳಲ್ಲಿ ಆ ಕೆಲಸಕ್ಕೆ ಯಾಂತ್ರಿಕ ವಾಲ್ವ್ ಇರುತ್ತಿತ್ತು. ಈಗಿನ ಕಾರುಗಳಲ್ಲಿ ಅದನ್ನು ಮಾಡ್ಯೂಲೇ ಮಾಡುವುದರಿಂದ, ಮಾಡ್ಯೂಲ್ ಸತ್ತರೆ ಹಿಂದಿನ ಚಕ್ರಗಳೇ ಮೊದಲು ಲಾಕ್ ಆಗುವ ಅಪಾಯವಿದೆ. ನನಗೆ ಅದು ಕರಿ ಟ್ರ್ಯಾಕಿನಲ್ಲಿ, ಎರಡನೆಯ ಲ್ಯಾಪಿನಲ್ಲೇ ಆಯಿತು. ಕಾರು ಹಿಂದುಮುಂದಾಗಿ ಹುಲ್ಲಿನ ಮೇಲೆ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ, ಫ್ಯೂಸನ್ನು ವಾಪಸು ಹಾಕಿಕೊಂಡೆ, ಆದರೆ ಅಂದಿನಿಂದ ಯಾರು ಕೇಳಿದರೂ ನಾನು ಮೊದಲು ಹೇಳುವ ಮಾತು ಇದು: ಇಎಸ್‌ಸಿ ಬೇಡವೆಂದು ಫ್ಯೂಸ್ ಕೀಳುವವರ ಕೈಗೆ ಕಾರು ಕೊಡಬೇಡಿ.

ಹೊಸೂರಿನ ಗ್ಯಾರೇಜಿನ ಬಗ್ಗೆ ತಿಳಿಸಿದವರು ಕೃಷ್ಣಗಿರಿಯ ಸ್ನೇಹಿತರೊಬ್ಬರು. ಅಲ್ಲಿನ ಮಾಲೀಕರಿಗೆ ಐವತ್ತು ದಾಟಿದೆ. ವಾಹನ ಕಾರ್ಖಾನೆಯೊಂದರ ಬ್ರೇಕ್ ವಿಭಾಗದಲ್ಲಿ ಹಲವು ವರ್ಷ ದುಡಿದು ಬಿಟ್ಟವರು. ಹೊಸೂರಿನಲ್ಲಿ ಸಾಮಾನ್ಯವಾಗಿರುವಂತೆ ಹುಡುಗರೊಂದಿಗೆ ತಮಿಳು, ಬಿಡಿಭಾಗದ ವ್ಯಾಪಾರಿಯೊಂದಿಗೆ ತೆಲುಗು, ನನ್ನೊಂದಿಗೆ ಮನೆಯ ಕನ್ನಡ, ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತದೆ. ನಾನು ತೊಂದರೆ ಹೇಳಿ ಮುಗಿಸಿ, "ಅಣ್ಣ, ಇದನ್ನ ಎಷ್ಟು ಕಡಿಮೆ ಮಾಡಬಹುದು?" ಎಂದು ಕೇಳಿದೆ. ಅವರು ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. "ನೋಡಪ್ಪ, ಮೊದಲು ಗಾಡಿ ಏನು ಮಾಡ್ತೈತೆ ಅಂತ ನೋಡಾಣ, ಆಮೇಲೆ ಕಂಪ್ಯೂಟರಿಗೆ ಹೇಳಾಣ" ಎಂದರು. ಮರುದಿನ ಬೆಳಿಗ್ಗೆ ಆರೂವರೆಗೆ, ಮಾರ್ಪಾಡು ಮಾಡದ ಇನ್ನೊಂದು ಪೋಲೊ ಜಿಟಿ ಟಿಎಸ್‌ಐಯನ್ನು ಎಲ್ಲಿಂದಾದರೂ ಹೊಂದಿಸಿ ತರಲು ಸಾಧ್ಯವೇ ಎಂದು ಕೇಳಿದರು. ನನ್ನ ಸ್ವಂತ ಅಣ್ಣನ ಮಗನ ಬಳಿ ಅದೇ ಕಾರಿತ್ತು, ತರಿಸಿದೆ.

ಗ್ಯಾರೇಜಿನ ಸಮೀಪದ ಒಂದು ಲಾರಿ ಯಾರ್ಡನ್ನು ಅನುಮತಿ ಪಡೆದು ಬೆಳಗಿನ ಎರಡು ಗಂಟೆ ಬಳಸಿಕೊಂಡೆವು. ಕಾಂಕ್ರೀಟ್ ನೆಲದ ಮೇಲೆ 30 ಮೀಟರ್ ತ್ರಿಜ್ಯದ ವೃತ್ತವನ್ನು ಸುಣ್ಣದ ಪುಡಿಯಿಂದ ಎಳೆದು, ಅದೇ ಗೆರೆಯ ಮೇಲೆ ಕಾರನ್ನು ನಿಧಾನವಾಗಿ ಸುತ್ತಿಸುತ್ತ, ಪ್ರತಿ ಬಾರಿ ವೇಗವನ್ನು ಸ್ವಲ್ಪ ಸ್ವಲ್ಪ ಏರಿಸುತ್ತ, ಗೆರೆ ಬಿಡದಿರಲು ಸ್ಟಿಯರಿಂಗನ್ನು ಎಷ್ಟು ಡಿಗ್ರಿ ತಿರುಗಿಸಬೇಕಾಗುತ್ತದೆ ಎಂಬುದನ್ನು ಕಾರಿನದೇ ಸ್ಟಿಯರಿಂಗ್ ಕೋನದ ಸೆನ್ಸರಿನಿಂದ ಓದಿ ಬರೆದುಕೊಂಡರು. ವಾಹನ ಕಂಪನಿಗಳು ಮಾಡುವ ಇದೇ ಬಗೆಯ ಪರೀಕ್ಷೆಗೆ ಐಎಸ್‌ಒ 4138 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ನಾವು ಮಾಡಿದ್ದು ಅದರ ಬಡ ರೂಪ. ಮೊದಲು ಅಣ್ಣನ ಮಗನ ಕಾರು, ನಂತರ ನನ್ನದು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಕಂಪನಿಯ ಕಾರಿಗೆ ಸ್ಟಿಯರಿಂಗ್ ಸುಮಾರು 105 ಡಿಗ್ರಿ ತಿರುಗಿಸಬೇಕಾಯಿತು, ನನ್ನ ಕಾರಿಗೆ 94 ಡಿಗ್ರಿ ಸಾಕಾಯಿತು. ಕೇವಲ ಹನ್ನೊಂದು ಡಿಗ್ರಿಯ ವ್ಯತ್ಯಾಸ. ಆದರೆ ನನ್ನ ಎರಡು ವರ್ಷದ ತಲೆನೋವೆಲ್ಲ ಆ ಹನ್ನೊಂದು ಡಿಗ್ರಿಯಲ್ಲೇ ಇತ್ತು.

ಅದು ಹೇಗೆಂದು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ಅರ್ಥವಾದರೆ ಮಾತ್ರ ಈ ಸೇವೆಗೆ ಕೊಡುವ ಹಣದ ಅರ್ಥವೂ ಆಗುತ್ತದೆ. ಇಎಸ್‌ಸಿ ಪ್ರತಿ ಕ್ಷಣ ಎರಡು ಅಂಕಿಗಳನ್ನು ಹೋಲಿಸುತ್ತಿರುತ್ತದೆ. ಸ್ಟಿಯರಿಂಗ್ ಕೋನ ಮತ್ತು ವೇಗವನ್ನು ನೋಡಿ, ಚಾಲಕನಿಗೆ ಕಾರು ಎಷ್ಟು ಚುರುಕಾಗಿ ತಿರುಗಬೇಕಾಗಿದೆ ಎಂದು ಅದು ಊಹಿಸುತ್ತದೆ. ಕಾರು ತನ್ನ ಅಕ್ಷದ ಸುತ್ತ ನಿಜವಾಗಿ ಸೆಕೆಂಡಿಗೆ ಎಷ್ಟು ಡಿಗ್ರಿ ತಿರುಗುತ್ತಿದೆ ಎಂಬುದನ್ನು ಯಾ-ರೇಟ್ (yaw rate) ಎಂಬ ಸೆನ್ಸರಿನಿಂದ ಅಳೆಯುತ್ತದೆ. ಬೇಕಾದದ್ದಕ್ಕಿಂತ ಕಡಿಮೆ ತಿರುಗಿದರೆ ಅಂಡರ್‌ಸ್ಟಿಯರ್ ಎಂದು ಭಾವಿಸಿ ಮುಖ್ಯವಾಗಿ ಒಳಬದಿಯ ಹಿಂದಿನ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಹೆಚ್ಚು ತಿರುಗಿದರೆ ಓವರ್‌ಸ್ಟಿಯರ್ ಎಂದು ಭಾವಿಸಿ ಹೊರಬದಿಯ ಮುಂದಿನ ಚಕ್ರಕ್ಕೆ ಹಾಕುತ್ತದೆ. ಊಹೆ ಮಾಡಲು ಅದು ಬಳಸುವ ಸೂತ್ರದಲ್ಲಿ ಆ ಕಾರಿನ ಸ್ವಭಾವವನ್ನು ಹೇಳುವ ಒಂದು ವೇಗದ ಅಂಕಿ ಇರುತ್ತದೆ. ಆ ವೇಗದಲ್ಲಿ ಕಾರು, ಟೈರು ಸ್ವಲ್ಪವೂ ಜಾರದಿದ್ದರೆ ತಿರುಗಬಹುದಾಗಿದ್ದ ಪ್ರಮಾಣದ ಅರ್ಧದಷ್ಟು ಮಾತ್ರ ತಿರುಗುತ್ತದೆ. ವೃತ್ತದ ಪರೀಕ್ಷೆಯಿಂದ ಲೆಕ್ಕ ಹಾಕಿದಾಗ ಕಂಪನಿಯ ಕಾರಿಗೆ ಆ ಅಂಕಿ ಗಂಟೆಗೆ ಸುಮಾರು 79 ಕಿ.ಮೀ. ಬಂತು. ನನ್ನ ಕಾರಿಗೆ ಸುಮಾರು 101 ಬಂತು.

ಈಗ ಗಂಟೆಗೆ 90 ಕಿ.ಮೀ. ವೇಗದ ತಿರುವನ್ನು ತೆಗೆದುಕೊಳ್ಳಿ. ಮುಂದಿನ ಚಕ್ರಗಳು 4 ಡಿಗ್ರಿ ತಿರುಗಿವೆ ಎಂದಿಟ್ಟುಕೊಂಡರೆ, ಕಾರ್ಖಾನೆಯ ಸೂತ್ರದ ಪ್ರಕಾರ ಕಾರು ಸೆಕೆಂಡಿಗೆ ಸುಮಾರು 18 ಡಿಗ್ರಿ ತಿರುಗಬೇಕು. ಹಿಂಬದಿ ಗಟ್ಟಿಯಾಗಿ, ಮುಂಬದಿಗೆ ಹಿಡಿತ ಹೆಚ್ಚಾಗಿರುವ ನನ್ನ ಕಾರು ಹತೋಟಿ ತಪ್ಪದೆಯೇ 22 ಡಿಗ್ರಿಗಿಂತ ಹೆಚ್ಚು ತಿರುಗುತ್ತದೆ. ಅದಕ್ಕಾಗಿಯೇ ಅಷ್ಟೆಲ್ಲ ಖರ್ಚು ಮಾಡಿ ಸಸ್ಪೆನ್ಷನ್ ಬದಲಿಸಿದ್ದು. ಆದರೆ ಮಾಡ್ಯೂಲಿಗೆ ಸಸ್ಪೆನ್ಷನ್ ಬದಲಾದದ್ದು ಯಾರು ಹೇಳಬೇಕು? ಅದರ ಕಣ್ಣಿಗೆ ಆ ನಾಲ್ಕೈದು ಡಿಗ್ರಿ ಹೆಚ್ಚುವರಿ ತಿರುಗುವಿಕೆ ಎಂದರೆ ಕಾರಿನ ಹಿಂಬದಿ ಹೊರಗೆ ಜಾರುತ್ತಿದೆ ಎಂದೇ ಅರ್ಥ. ಅದು ತಪ್ಪು ಮಾಡುತ್ತಿರಲಿಲ್ಲ. ತನ್ನ ಮುಂದೆ ಇಲ್ಲದ ಇನ್ನೊಂದು ಕಾರನ್ನು ಕಾಯುತ್ತಿತ್ತು.

ಇದರ ಮೇಲೆ ಟೈರಿನ ಅಳತೆಯೂ ಸೇರಿತ್ತು. ಕಂಪನಿಯ ಟೈರಿನ ಹೊರವ್ಯಾಸ 603 ಮಿ.ಮೀ., ನನ್ನ ಸೆಮಿ ಸ್ಲಿಕ್ ಟೈರಿನದು 576 ಮಿ.ಮೀ. ಚಿಕ್ಕ ಟೈರು ಅದೇ ದೂರಕ್ಕೆ ಹೆಚ್ಚು ಸುತ್ತು ಸುತ್ತುವುದರಿಂದ, ಮಾಡ್ಯೂಲ್ ಕಾರಿನ ವೇಗವನ್ನು ಶೇಕಡಾ 4.7ರಷ್ಟು ಹೆಚ್ಚಾಗಿ ತಿಳಿದುಕೊಳ್ಳುತ್ತದೆ. ನಾಲ್ಕೂ ಚಕ್ರಗಳಲ್ಲಿ ಒಂದೇ ಅಳತೆಯ ಟೈರು ಇರುವುದರಿಂದ ಎಬಿಎಸ್ ಇದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಆದರೆ ಇಎಸ್‌ಸಿಯ ಸೂತ್ರದಲ್ಲಿ ವೇಗವೇ ಪ್ರಧಾನ. ಮೂರನೆಯದು ಬ್ರೇಕ್ ಪ್ಯಾಡು. ಹೈಡ್ರಾಲಿಕ್ ಪಂಪು ಒಂದು ಚಕ್ರಕ್ಕೆ ಇಷ್ಟು ಒತ್ತಡ ಕೊಟ್ಟರೆ ಇಷ್ಟು ಬ್ರೇಕ್ ಬೀಳುತ್ತದೆ ಎಂಬ ಅಂದಾಜು ಕೂಡ ಮಾಡ್ಯೂಲಿನ ಒಳಗೇ ಇದೆ. ಘರ್ಷಣೆ ಹೆಚ್ಚಿರುವ ರೇಸಿಂಗ್ ಪ್ಯಾಡು ಅದೇ ಒತ್ತಡಕ್ಕೆ ಹೆಚ್ಚು ಕಚ್ಚುತ್ತದೆ. ಹಾಗಾಗಿ ಸಣ್ಣ ತಿದ್ದುಪಡಿಯಾಗಿ ಬರಬೇಕಾದದ್ದು ಗುದ್ದಿನಂತೆ ಬರುತ್ತಿತ್ತು. ಇದನ್ನು ಮಾಲೀಕರು ಹೇಳುವವರೆಗೂ ನಾನು ಯೋಚಿಸಿಯೇ ಇರಲಿಲ್ಲ. ಪ್ಯಾಡು ಬದಲಿಸಿ ಇಎಸ್‌ಸಿಯನ್ನು ದೂರುವವರು ನನ್ನಂತೆಯೇ ಬಹಳ ಜನರಿದ್ದಾರೆ.

ಈ ವ್ಯವಸ್ಥೆ ಹುಟ್ಟಿದ ಕಥೆಯೂ ಇಲ್ಲಿ ಪ್ರಸ್ತುತ. ಬಾಷ್ ಕಂಪನಿಯಲ್ಲಿ ಆಂಟನ್ ವಾನ್ ಜಾಂಟೆನ್ ಅವರ ತಂಡ ಇದನ್ನು ರೂಪಿಸಿ, 1995ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸ್ ಕಾರಿನೊಂದಿಗೆ ಮಾರುಕಟ್ಟೆಗೆ ಬಂತು. 1997ರಲ್ಲಿ ಸ್ವೀಡನ್ನಿನ ಒಂದು ವಾಹನ ಪತ್ರಿಕೆ ನಡೆಸಿದ ಪರೀಕ್ಷೆಯಲ್ಲಿ, ರಸ್ತೆಗೆ ಹಠಾತ್ತನೆ ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವಂತೆ ತಿರುಗಿಸಿದಾಗ ಮರ್ಸಿಡಿಸ್‌ನ ಚಿಕ್ಕ ಎ ಕ್ಲಾಸ್ ಮಗುಚಿ ಬಿದ್ದ ಮೇಲೆ, ಆ ಕಾರಿಗೂ ಇದನ್ನು ಕಡ್ಡಾಯವಾಗಿ ಅಳವಡಿಸಿದರು. ದುಬಾರಿ ಕಾರಿನ ವಸ್ತು ಸಾಮಾನ್ಯರ ಕಾರಿಗೆ ಇಳಿದದ್ದು ಹಾಗೆ. ಅಂದರೆ ಇದನ್ನು ಕಟ್ಟಿದ್ದೇ ಗಾಬರಿಯಾದ ಸಾಮಾನ್ಯ ಚಾಲಕನಿಗಾಗಿ, ಒದ್ದೆ ರಸ್ತೆಗಾಗಿ, ಕಂಪನಿ ಕೊಟ್ಟ ಟೈರಿಗಾಗಿ. ಅದು ಇದುವರೆಗೆ ಎಷ್ಟೋ ಜೀವ ಉಳಿಸಿದೆ, ಆ ಬಗ್ಗೆ ನನಗೆ ಗೌರವವಿದೆ. ಅದೇ ಗೌರವದಿಂದಲೇ ನಾನು ಅದನ್ನು ಕೊಲ್ಲಿಸಲು ಬಯಸದೆ, ನನ್ನ ಕಾರಿನ ಪರಿಚಯ ಮಾಡಿಸಲು ಬಯಸಿದ್ದು.

ಗ್ಯಾರೇಜಿನವರು ಕೆಲಸ ಮಾಡಿದ ರೀತಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಕಾರಿನ ಮೂಲ ಮಾಡ್ಯೂಲನ್ನು ಅವರು ಮುಟ್ಟಲಿಲ್ಲ ಎಂಬುದು. ಅದನ್ನು ಬಿಚ್ಚಿ, ಪೈಪಿನ ಬಾಯಿಗಳಿಗೆಲ್ಲ ಮುಚ್ಚಳ ಹಾಕಿ, ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟರು. ಅಪಘಾತದಲ್ಲಿ ಹಿಂಬದಿ ನಜ್ಜುಗುಜ್ಜಾದ ಇನ್ನೊಂದು ಪೋಲೊದಿಂದ ಸಿಕ್ಕಿದ ಅದೇ ಭಾಗ ಸಂಖ್ಯೆಯ ಮಾಡ್ಯೂಲ್ ಒಂದನ್ನು 9,000 ರೂಪಾಯಿಗೆ ತರಿಸಿ, ಮೊದಲು ಅದನ್ನು ಮೇಜಿನ ಮೇಲೆ ಪರೀಕ್ಷಿಸಿ, ಅದರೊಳಗಿನ ಮೂಲ ದತ್ತಾಂಶವನ್ನು ಓದಿ ಪ್ರತಿ ತೆಗೆದಿಟ್ಟುಕೊಂಡು, ಬಳಿಕ ಅದರ ಅಂಕಿಗಳನ್ನು ಬದಲಿಸಿ ಬರೆದರು. ಕಾರಿಗೆ ಜೋಡಿಸಿದ ಮೇಲೆ ಬ್ರೇಕ್ ಆಯಿಲ್ ಪೂರ್ತಿ ಹೊಸದು ಹಾಕಿ, ಸ್ಕ್ಯಾನರಿನಿಂದ ಪಂಪು ಓಡಿಸುತ್ತ ಮಾಡ್ಯೂಲಿನ ಒಳಗಿನ ಗಾಳಿಯನ್ನೂ ತೆಗೆದರು. ಈ ಕೊನೆಯ ಹೆಜ್ಜೆಯನ್ನು ಬಿಟ್ಟುಬಿಟ್ಟರೆ ಪೆಡಲ್ ಮೇಲ್ನೋಟಕ್ಕೆ ಗಟ್ಟಿಯಾಗಿರುತ್ತದೆ, ಎಬಿಎಸ್ ಮೊದಲ ಬಾರಿ ಕೆಲಸ ಮಾಡಿದಾಗ ಕಾಲಿನ ಕೆಳಗೆ ಕುಸಿಯುತ್ತದೆ. ಇಲ್ಲಿ ಅವಸರ ಮಾಡದೆ ಒಂದು ಇಡೀ ಮಧ್ಯಾಹ್ನ ಅದಕ್ಕೇ ಕೊಟ್ಟರು.

ಬದಲಿಸಿದ್ದು ನಾಲ್ಕು ವಿಷಯ: ಟೈರಿನ ಸುತ್ತಳತೆ, ನಾನು ಮೇಲೆ ಹೇಳಿದ ಸ್ವಭಾವದ ಅಂಕಿ, ಪ್ಯಾಡಿನ ಘರ್ಷಣೆಯ ಅಂದಾಜು, ಮತ್ತು ಎಷ್ಟು ವ್ಯತ್ಯಾಸ ಬಂದ ಮೇಲೆ ಇಎಸ್‌ಸಿ ಕೈಹಾಕಬೇಕು ಎಂಬ ಮಿತಿ. ಈ ಮಿತಿಯನ್ನು ಬಹಳ ಸಡಿಲಿಸಬೇಕೆಂದು ನಾನು ಒತ್ತಾಯಿಸಿದೆ, ಅವರು ಒಪ್ಪಲಿಲ್ಲ. ಮೊದಲ ಮೂರನ್ನು ಸರಿಪಡಿಸಿದರೆ ಮಿತಿಯನ್ನು ಸ್ವಲ್ಪ ಸಡಿಲಿಸುವುದೇ ಸಾಕು. ಸೂತ್ರವನ್ನು ತಪ್ಪಾಗಿಯೇ ಬಿಟ್ಟು ಮಿತಿಯನ್ನು ಮಾತ್ರ ದೂರ ತಳ್ಳಿದರೆ, ಕಾರು ನಿಜವಾಗಿ ಹತೋಟಿ ತಪ್ಪಿ ಸುತ್ತುವ ಹೊತ್ತಿಗೆ ಇಎಸ್‌ಸಿ ತಡವಾಗಿ, ಒರಟಾಗಿ ಬಂದು ಕೆಲಸ ಕೆಡಿಸುತ್ತದೆ ಎಂಬುದು ಅವರ ವಾದ. ಆಗ ನನಗೆ ಅಸಮಾಧಾನವಾಯಿತು. ಟ್ರ್ಯಾಕಿಗೆ ಇಳಿದ ಮೇಲೆ ಅವರು ಹೇಳಿದ್ದೇ ಸರಿ ಎಂದು ಒಪ್ಪಿಕೊಂಡೆ. ಎಬಿಎಸ್ ಮತ್ತು ಇಬಿಡಿಯ ಅಂಕಿಗಳನ್ನು ಯಾರು ಎಷ್ಟು ಕೇಳಿದರೂ ಅವರು ಬದಲಿಸುವುದಿಲ್ಲ.

ಕರಿ ಮೋಟಾರ್ ಸ್ಪೀಡ್‌ವೇ 2.1 ಕಿ.ಮೀ. ಉದ್ದದ ಟ್ರ್ಯಾಕು, ಕೊಯಮತ್ತೂರಿನವರೇ ಆದ ರೇಸರ್ ಎಸ್. ಕರಿವರ್ಧನ್ ಅವರ ನೆನಪಿನಲ್ಲಿ 2003ರಲ್ಲಿ ಶುರುವಾದದ್ದು. ಹೊಸೂರಿನಿಂದ ಕೃಷ್ಣಗಿರಿ, ಧರ್ಮಪುರಿ, ಸೇಲಂ ದಾಟಿ ಟ್ರೇಲರ್ ಎಳೆದುಕೊಂಡು ಹೋಗಲು ಒಂದು ಇಡೀ ದಿನ ಮೀಸಲಿಡಬೇಕು. ಸೆಪ್ಟೆಂಬರಿನಲ್ಲಿ ಹೋದಾಗ, ತಿದ್ದುಪಡಿಯಾದ ಮೇಲಿನ ಮೊದಲ ಹತ್ತು ಲ್ಯಾಪುಗಳಲ್ಲಿ ಹಳದಿ ದೀಪ ಎರಡೇ ಬಾರಿ ಮಿನುಗಿತು. ಎರಡೂ ಬಾರಿ ತಪ್ಪು ನನ್ನದೇ, ತಿರುವಿನ ಮಧ್ಯದಲ್ಲಿ ಆಕ್ಸಿಲರೇಟರ್ ಬಿಟ್ಟಿದ್ದೆ. ಮೊದಲಾದರೆ ಗುದ್ದಿದಂತೆ ಬೀಳುತ್ತಿದ್ದ ಬ್ರೇಕು ಈಗ ಯಾರೋ ಹಿಂದಿನಿಂದ ಅಂಗಿ ಹಿಡಿದು ಮೆಲ್ಲಗೆ ಎಳೆದ ಹಾಗೆ ಇತ್ತು. ನನ್ನ ಹಿಂದಿನ ಒಳ್ಳೆಯ ಸಮಯಕ್ಕಿಂತ ಲ್ಯಾಪಿಗೆ 0.8 ಸೆಕೆಂಡು ಉಳಿಯಿತು. ಆದರೆ ನನಗೆ ಸಮಯಕ್ಕಿಂತ ದೊಡ್ಡದೆನಿಸಿದ್ದು, ಪ್ರತಿ ತಿರುವಿಗೆ ಹೋಗುವಾಗಲೂ ಕಾರು ಏನು ಮಾಡುತ್ತದೆಂದು ನನಗೆ ಮೊದಲೇ ತಿಳಿದಿತ್ತು ಎಂಬುದು. ಯಾವಾಗ ಕೈಹಾಕುತ್ತದೋ ಗೊತ್ತಿಲ್ಲದ ವ್ಯವಸ್ಥೆಯ ಜೊತೆ ಓಡಿಸುವವನು ಅರ್ಧ ಮನಸ್ಸನ್ನು ಅದರ ಮೇಲೆಯೇ ಇಟ್ಟಿರಬೇಕಾಗುತ್ತದೆ.

ಬ್ರೇಕಿನ ಬಿಸಿಯನ್ನು ತಿಳಿಯಲು ಡಿಸ್ಕಿನ ಅಂಚಿಗೆ ಬಿಸಿ ತಾಗಿದರೆ ಬಣ್ಣ ಬದಲಾಗುವ ಪೇಂಟ್ ಹಚ್ಚುತ್ತೇವೆ. 430, 560 ಮತ್ತು 610 ಡಿಗ್ರಿ ಸೆಲ್ಸಿಯಸ್‌ಗೆ ಬೇರೆ ಬೇರೆ ಗೆರೆಗಳಿರುತ್ತವೆ. ಹಿಂದಿನ ಹಂಗಾಮಿನಲ್ಲಿ ಮುಂದಿನ ಎರಡೂ ಡಿಸ್ಕುಗಳಲ್ಲಿ 560ರ ಗೆರೆ ಹನ್ನೆರಡು ಲ್ಯಾಪಿನೊಳಗೆ ಬಣ್ಣ ಬದಲಿಸುತ್ತಿತ್ತು; ನಾನು ಬ್ರೇಕ್ ಒತ್ತದ ಜಾಗದಲ್ಲೂ ಇಎಸ್‌ಸಿ ಒತ್ತುತ್ತಿದ್ದರೆ ಬಿಸಿ ಏರದೆ ಇರುವುದು ಹೇಗೆ? ಈ ಬಾರಿ ಅದೇ ಪ್ಯಾಡು, ಅಷ್ಟೇ ಲ್ಯಾಪು ಇದ್ದರೂ 430ರ ಗೆರೆ ಮಾತ್ರ ಬದಲಾಯಿತು. ಹಂಗಾಮಿಗೆ ಎರಡು ಜೊತೆ ಮುಂದಿನ ಪ್ಯಾಡು ತಿನ್ನುತ್ತಿದ್ದ ಕಾರು ಈಗ ಒಂದೇ ಜೊತೆಯಲ್ಲಿ ಮುಗಿಸಿದೆ. ಖರ್ಚಿನ ಒಂದು ಭಾಗ ಅಲ್ಲೇ ವಾಪಸು ಬಂದಂತಾಯಿತು.

ಇನ್ನು ಗ್ಯಾರೇಜಿನ ತಪ್ಪುಗಳಿಗೆ ಬರುತ್ತೇನೆ. ಟ್ರ್ಯಾಕ್ ಡೇ ಎಂದರೆ ಸ್ಪರ್ಧೆಯಿಲ್ಲದೆ ಹವ್ಯಾಸಿಗಳು ಟ್ರ್ಯಾಕಿನಲ್ಲಿ ಕಾರು ಓಡಿಸುವ ದಿನ. ಅಕ್ಟೋಬರಿನಲ್ಲಿ ಹೋದ ನನ್ನ ಎರಡನೆಯ ಟ್ರ್ಯಾಕ್ ಡೇಯಲ್ಲಿ ಎಡ ತಿರುವುಗಳಲ್ಲಿ ಇಎಸ್‌ಸಿ ಬೇಗ ಬರುತ್ತಿತ್ತು, ಬಲ ತಿರುವುಗಳಲ್ಲಿ ತಡವಾಗಿ. ಮೊದಲು ಟೈರಿನ ಗಾಳಿ ನೋಡಿದೆ, ನಂತರ ಸಸ್ಪೆನ್ಷನ್ ನೋಡಿದೆ, ಅರ್ಧ ದಿನ ಹಾಳಾಯಿತು. ನಡುವೆ ಗ್ಯಾರೇಜಿನವರೇ ಚಕ್ರಗಳ ಅಲೈನ್‌ಮೆಂಟ್ ಮಾಡಿಕೊಟ್ಟಿದ್ದರು. ಮಾಡಿದ ಮೇಲೆ ಸ್ಟಿಯರಿಂಗ್ ನೇರಕ್ಕಿಂತ ನಾಲ್ಕು ಡಿಗ್ರಿ ಓರೆಯಾಗಿ ನಿಂತಿದ್ದರೂ, ಸ್ಟಿಯರಿಂಗ್ ಕೋನದ ಸೆನ್ಸರಿನ ಸೊನ್ನೆಯನ್ನು ಸ್ಕ್ಯಾನರಿನಲ್ಲಿ ಮತ್ತೆ ಹೊಂದಿಸಲು ಮರೆತಿದ್ದರು. ಸ್ಟಿಯರಿಂಗಿನ ನಾಲ್ಕು ಡಿಗ್ರಿ ಎಂದರೆ ಚಕ್ರದ ಕಾಲು ಡಿಗ್ರಿ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಅದು ಇಎಸ್‌ಸಿಯ ಊಹೆಯನ್ನು ಸೆಕೆಂಡಿಗೆ ಸುಮಾರು ಒಂದೂವರೆ ಡಿಗ್ರಿ ಒಂದು ಕಡೆಗೆ ತಳ್ಳುತ್ತದೆ. ಎಡ ಬಲ ಸೇರಿದರೆ ಮೂರು ಡಿಗ್ರಿಯ ಪಕ್ಷಪಾತ. ರಸ್ತೆಯಲ್ಲಿ ಓಡುವ ಕಾರಾಗಿದ್ದರೆ ನೇರ ದಾರಿಯಲ್ಲಿ ಹೋಗುವಾಗ ವ್ಯವಸ್ಥೆ ಇಂಥ ಸಣ್ಣ ಓರೆಯನ್ನು ತಾನೇ ಕಲಿತು ತಿದ್ದಿಕೊಳ್ಳಲು ಅವಕಾಶವಿರುತ್ತದೆ. ಟ್ರೇಲರ್ ಮೇಲೆ ಬಂದು ನೇರ ಟ್ರ್ಯಾಕಿಗೆ ಇಳಿಯುವ ಕಾರಿಗೆ ಆ ಅವಕಾಶವೇ ಇಲ್ಲ. ಫೋನಿನಲ್ಲಿ ಹೇಳಿದ ಕೂಡಲೇ ಮಾಲೀಕರಿಗೆ ಅರ್ಥವಾಯಿತು, ತಪ್ಪು ತಮ್ಮದೆಂದು ಒಪ್ಪಿ, ಮುಂದಿನ ವಾರ ಹಣ ಕೇಳದೆ ಸರಿಪಡಿಸಿದರು. ಒಪ್ಪಿಕೊಂಡದ್ದು ದೊಡ್ಡ ಗುಣ. ಆದರೆ ಬ್ರೇಕಿನ ಕೆಲಸ ಮಾಡುವವರಲ್ಲಿ ಇಂಥ ಮರೆವು ಇರಬಾರದು. ಅಲೈನ್‌ಮೆಂಟ್ ಆದ ಮೇಲೆ ಮಾಡಬೇಕಾದವುಗಳ ಒಂದು ಚೀಟಿ ಗೋಡೆಗೆ ಅಂಟಿಸಿದ್ದರೆ ಇದು ಆಗುತ್ತಿರಲಿಲ್ಲ.

ನವೆಂಬರಿನಲ್ಲಿ ಇನ್ನೊಂದು ಕೊರತೆ ಕಂಡಿತು. ತಮಿಳುನಾಡಿನಲ್ಲಿ ಹಿಂಗಾರು ಮಳೆಯ ತಿಂಗಳು ಅದು, ಮಧ್ಯಾಹ್ನದ ಹೊತ್ತಿಗೆ ಕರಿ ಟ್ರ್ಯಾಕು ಪೂರ್ತಿ ಒದ್ದೆಯಾಯಿತು. ಒಣ ಟ್ರ್ಯಾಕಿಗೆ, ಸೆಮಿ ಸ್ಲಿಕ್ ಟೈರಿಗೆ ಹೊಂದಿಸಿದ ಇಎಸ್‌ಸಿ ಒದ್ದೆಯಲ್ಲಿ ನಾನು ಬಯಸಿದ್ದಕ್ಕಿಂತ ತಡವಾಗಿ ಬಂತು. ತಿರುವಿನಲ್ಲಿ ಕಾರನ್ನು ಪಕ್ಕಕ್ಕೆ ಎಳೆಯುವ ಬಲವನ್ನು ಅಳೆಯುವ ಅಡ್ಡ ವೇಗೋತ್ಕರ್ಷದ ಸೆನ್ಸರ್ ಇರುವುದರಿಂದ ಹಿಡಿತ ಕಡಿಮೆಯಾದದ್ದು ವ್ಯವಸ್ಥೆಗೆ ತಿಳಿಯುತ್ತದೆ, ತಕ್ಕಮಟ್ಟಿಗೆ ಅದು ತನ್ನ ಊಹೆಯನ್ನು ತಗ್ಗಿಸಿಕೊಳ್ಳುತ್ತದೆ. ಆದರೂ ಸಡಿಲಿಸಿದ ಮಿತಿ ಸಡಿಲವಾಗಿಯೇ ಇರುತ್ತದೆ. ಮಳೆಗೆ ಬೇರೆ ದತ್ತಾಂಶವನ್ನು ಗ್ಯಾರೇಜಿನವರು ಮಾಡಿಕೊಟ್ಟಿದ್ದಾರೆ ನಿಜ, ಆದರೆ ಅದನ್ನು ಹಾಕಲು ಲ್ಯಾಪ್‌ಟಾಪ್, ಕೇಬಲ್ ಮತ್ತು ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಪಿಟ್ಟಿನಲ್ಲಿ ಇಪ್ಪತ್ತು ನಿಮಿಷ ಬೇಕು. ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ಚು ತಿರುಗಿಸಿ ಬದಲಿಸುವ ಹಾಗಿಲ್ಲ. ಅಂಥ ಅನುಕೂಲ ಬೇಕಾದವರು ಬಾಷ್ ಮೋಟಾರ್‌ಸ್ಪೋರ್ಟ್‌ನ ಎಂ5 ಎಬಿಎಸ್ ಕಿಟ್‌ನಂಥದ್ದನ್ನು ನೋಡಬೇಕು. ಅದು ಎಬಿಎಸ್ ಮಾತ್ರ, ಇಎಸ್‌ಸಿ ಅಲ್ಲ. ಅದಕ್ಕೆ ಹನ್ನೆರಡು ಸ್ಥಾನಗಳ ತಿರುಗುಗುಂಡಿ ಬರುತ್ತದೆ, ಆದರೆ ಬೆಲೆ ಲಕ್ಷಗಳ ಲೆಕ್ಕದಲ್ಲಿದ್ದು ನನ್ನಂಥ ಹವ್ಯಾಸಿಗಳ ಕೈಗೆ ಎಟುಕುವುದಿಲ್ಲ. ಮಳೆ ಬಂದರೆ ನಾನೀಗ ಆ ಇಪ್ಪತ್ತು ನಿಮಿಷ ಕಳೆಯುತ್ತೇನೆ, ಇಲ್ಲವೇ ಓಡಿಸುವುದಿಲ್ಲ.

ದಾಖಲೆಯ ವಿಷಯದಲ್ಲಿ ನನ್ನ ತಕರಾರು ಇನ್ನೂ ಮುಗಿದಿಲ್ಲ. ಏನೇನು ಬದಲಾಯಿತು, ಹಳೆಯ ಅಂಕಿ ಯಾವುದು, ಹೊಸದು ಯಾವುದು ಎಂಬುದು ಮಾಲೀಕರ ನೋಟ್‌ಬುಕ್ಕಿನಲ್ಲಿದೆ, ಅವರ ತಲೆಯಲ್ಲಿದೆ. ನನ್ನ ಕೈಗೆ ಬಂದ ಬಿಲ್ಲಿನಲ್ಲಿ "ಬ್ರೇಕ್ ಮಾಡ್ಯೂಲ್ ಕೆಲಸ" ಎಂದಷ್ಟೇ ಇದೆ. ಮೂರು ಬಾರಿ ಕೇಳಿದ ಮೇಲೆ ವೃತ್ತ ಪರೀಕ್ಷೆಯ ಹಾಳೆಯ ಫೋಟೊ ಕಳಿಸಿದರು, ದತ್ತಾಂಶದ ಪ್ರತಿಯನ್ನು ಇನ್ನೂ ಕೊಟ್ಟಿಲ್ಲ. ನಾಳೆ ಇರುಂಗಾಟ್ಟುಕೋಟೆಯಲ್ಲಿ ತಾಂತ್ರಿಕ ಪರಿಶೀಲಕರು ಈ ಕಾರಿನ ಇಎಸ್‌ಸಿಯಲ್ಲಿ ಏನು ಮಾಡಿಸಿದ್ದೀರಿ ಎಂದು ಕೇಳಿದರೆ ಕಾಗದ ತೋರಿಸಬೇಕಾದವನು ನಾನು. ಚಾಲಕನಿಗೆ ಸಹಾಯ ಮಾಡುವ ಎಲೆಕ್ಟ್ರಾನಿಕ್ ವ್ಯವಸ್ಥೆಗಳಿಗೆ ಯಾವ ತರಗತಿಯಲ್ಲಿ ಅನುಮತಿ ಇದೆ, ಯಾವುದರಲ್ಲಿ ಇಲ್ಲ ಎಂಬುದು ಆಯಾ ಸ್ಪರ್ಧೆಯ ನಿಯಮಪುಸ್ತಕದಲ್ಲಿ ಇರುತ್ತದೆ. ಸ್ಪರ್ಧೆಗೆ ಹೆಸರು ಕೊಡುವ ಮೊದಲೇ ಅದನ್ನು ಓದಿ, ಅನುಮಾನವಿದ್ದರೆ ಆಯೋಜಕರಿಂದ ಬರಹದಲ್ಲಿ ಉತ್ತರ ಪಡೆಯುವುದು ಒಳ್ಳೆಯದು. ನಾನು ಈವರೆಗೆ ಟ್ರ್ಯಾಕ್ ಡೇಗಳಲ್ಲಿ ಮಾತ್ರ ಓಡಿಸಿದ್ದೇನೆ.

ಹಣದ ವಿವರ ಹೀಗಿದೆ. ಇನ್ನೊಂದು ಪೋಲೊದಿಂದ ತರಿಸಿದ ಮಾಡ್ಯೂಲಿಗೆ 9,000, ಅಳತೆ ಮತ್ತು ದತ್ತಾಂಶದ ಕೆಲಸಕ್ಕೆ 28,000, ಜೋಡಣೆ, ಬ್ರೇಕ್ ಆಯಿಲ್ ಮತ್ತು ಗಾಳಿ ತೆಗೆಯುವ ಬ್ಲೀಡಿಂಗಿಗೆ 6,500, ಮಳೆಯ ದತ್ತಾಂಶಕ್ಕೆ 2,500. ಮುಂದೆ ಟೈರಿನ ಅಳತೆಯನ್ನೋ ಸ್ಪ್ರಿಂಗನ್ನೋ ಬದಲಿಸಿದರೆ ವೃತ್ತ ಪರೀಕ್ಷೆ ಮತ್ತೆ ಆಗಬೇಕು, ಅದಕ್ಕೆ 6,000. ಈ ಕೊನೆಯ ಖರ್ಚು ಅನ್ಯಾಯವೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಕಾರಿನ ಸ್ವಭಾವ ಬದಲಾದ ಮೇಲೆ ಹಳೆಯ ಅಂಕಿಯಿಂದ ಓಡಿಸುವುದೆಂದರೆ ಮತ್ತೆ ಮೊದಲ ಸ್ಥಿತಿಗೆ ಮರಳುವುದೇ.

ರಸ್ತೆಯ ಕಾರಿಗೆ ಇದನ್ನು ಮಾಡಿಸಬಹುದೇ ಎಂದು ಊರಿನಲ್ಲಿ ಈಗಾಗಲೇ ನಾಲ್ಕೈದು ಜನ ಕೇಳಿದ್ದಾರೆ. ಗ್ಯಾರೇಜಿನವರು ರಸ್ತೆಯ ಕಾರನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ, ಆ ವಿಷಯದಲ್ಲಿ ನಾನು ಅವರ ಜೊತೆಗಿದ್ದೇನೆ. 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯಲ್ಲಿ ಮೂರು ಅಥವಾ ಹೆಚ್ಚು ನಕ್ಷತ್ರ ಪಡೆಯಬೇಕಾದರೆ ಕಾರಿನಲ್ಲಿ ಇಎಸ್‌ಸಿ ಇರಲೇಬೇಕು. ಎಷ್ಟೋ ಕಾದ ಮೇಲೆ ನಮ್ಮ ರಸ್ತೆಗಳಿಗೆ ಬಂದ ರಕ್ಷಣೆ ಅದು. ತಳಿ ಊರಿನ ಕಡೆಯ ಇಳಿಜಾರಿನಲ್ಲಿ ಮಳೆಗಾಲದ ರಾತ್ರಿ ಕಾಡುಹಂದಿ ಅಡ್ಡ ಬಂದಾಗ ನಿಮ್ಮ ಮನೆಯವರು ಕುಳಿತ ಕಾರಿಗೆ ಬೇಕಾದದ್ದು ಕಾರ್ಖಾನೆಯ ಇಎಸ್‌ಸಿಯೇ, ಅದರಲ್ಲಿ ಒಂದು ಅಂಕಿಯನ್ನೂ ಯಾರೂ ಮುಟ್ಟಬಾರದು.

ಟ್ರ್ಯಾಕಿಗೆಂದೇ ಕಾರು ಇಟ್ಟುಕೊಂಡು, ಸಸ್ಪೆನ್ಷನ್ ಮತ್ತು ಟೈರನ್ನು ಒಂದು ಹಂತಕ್ಕೆ ತಂದು ನಿಲ್ಲಿಸಿದವರಿಗೆ ಈ ಗ್ಯಾರೇಜನ್ನು ಶಿಫಾರಸು ಮಾಡುತ್ತೇನೆ. ಐದಕ್ಕೆ ನಾಲ್ಕು ಅಂಕ. ಹೋಗುವಾಗ ಬಳಸುವ ಟೈರನ್ನೇ ಹಾಕಿಕೊಂಡು, ಅದೇ ಪ್ಯಾಡು ಇಟ್ಟುಕೊಂಡು, ಅಲೈನ್‌ಮೆಂಟನ್ನು ಮೊದಲೇ ಮುಗಿಸಿಕೊಂಡು ಹೋಗಿ. ಸಾಧ್ಯವಾದರೆ ಮಾರ್ಪಾಡಾಗದ ಅದೇ ಮಾದರಿಯ ಇನ್ನೊಂದು ಕಾರನ್ನು ಒಂದು ಬೆಳಗಿನ ಮಟ್ಟಿಗೆ ಕೇಳಿ ತನ್ನಿ. ಕಾರು ವಾಪಸು ತೆಗೆದುಕೊಳ್ಳುವ ಮುನ್ನ ಸ್ಟಿಯರಿಂಗನ್ನು ನೇರ ಹಿಡಿದು, ಸ್ಕ್ಯಾನರಿನಲ್ಲಿ ಅದರ ಕೋನ ಸೊನ್ನೆ ತೋರಿಸುತ್ತದೆಯೇ ಎಂದು ನಿಮ್ಮ ಕಣ್ಣಿನಿಂದಲೇ ನೋಡಿ, ಬದಲಾದ ಅಂಕಿಗಳ ಹಾಳೆಯನ್ನು ಸಹಿ ಹಾಕಿಸಿ ತೆಗೆದುಕೊಳ್ಳಿ. ಹಿಂಗಾರು ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಬರುವುದರಿಂದ ಜನವರಿಯಲ್ಲಿ ಸರದಿ ಸಿಗುವುದಿಲ್ಲ. ಆಗಸ್ಟಿನಲ್ಲೇ ದಿನ ಗೊತ್ತು ಮಾಡಿಕೊಳ್ಳಬೇಕು.